ವಾಲ್ನೂರಿನ ಹೊಳೆಯಲ್ಲಿ ಒದ್ದೆ ಕೈಯ ಪಾಠ

ಕುಶಾಲನಗರವನ್ನು ದಾಟಿ, ಗುಡ್ಡೆಹೊಸೂರಿನಲ್ಲಿ ಎಡಕ್ಕೆ ಹೊರಳಿ ಸಿದ್ದಾಪುರದ ದಾರಿಯನ್ನು ಹಿಡಿದರೆ, ಅಲ್ಲಿಂದ ಮುಂದೆ ಕಾವೇರಿಯು ಪಥಿಕನೊಡನೆ ಕಣ್ಣುಮುಚ್ಚಾಲೆ ಆಡತೊಡಗುತ್ತಾಳೆ. ಒಮ್ಮೆ ಕಾಫಿಯ ತೋಟಗಳ ಮರೆಗೆ ಸರಿದು ಕಾಣದಾಗುತ್ತಾಳೆ. ಇನ್ನೊಂದು ತಿರುವಿನಲ್ಲಿ ಬಿದಿರ ಮೆಳೆಗಳ ನಡುವೆ ಥಟ್ಟನೆ ಹೊಳೆದು ನಗುತ್ತಾಳೆ. ನಂಜರಾಯಪಟ್ಟಣ ಹಿಂದೆ ಉಳಿಯಿತು. ಆನೆಗಳ ಬಿಡಾರಕ್ಕೆ ಹೆಸರಾದ ದುಬಾರೆಯ ಕವಲೂ ಹಿಂದೆ ಸರಿಯಿತು. ಜನವರಿ ತಿಂಗಳ ಇಳಿಹೊತ್ತು. ರೊಬಸ್ಟಾ ಕಾಫಿಯ ಕೊಯ್ಲು ಆರಂಭವಾಗಿತ್ತು. ಕಣಗಳಲ್ಲಿ ಹರವಿದ ಹಣ್ಣಿನ ಹುಳಿಬೆರೆತ ಸಿಹಿವಾಸನೆ ಗಾಳಿಯಲ್ಲಿ ತುಂಬಿತ್ತು. ನಾವು ವಾಲ್ನೂರನ್ನು ಮುಟ್ಟುವ ಹೊತ್ತಿಗೆ ಸಿಲ್ವರ್ ಓಕ್ ಮರಗಳ ನೆರಳು ರಸ್ತೆಯುದ್ದಕ್ಕೂ ಚಾಚಿಕೊಂಡಿತ್ತು.

ಕೊಡಗಿಗೆ ಹೋದವರು ಮಡಿಕೇರಿಯ ರಾಜಾಸೀಟನ್ನೂ ಅಬ್ಬಿಯ ಜಲಪಾತವನ್ನೂ ನೋಡಿ, ಜೇನುತುಪ್ಪ, ಕಿತ್ತಳೆಗಳನ್ನು ಕೊಂಡು ಹಿಂದಿರುಗುವುದು ವಾಡಿಕೆ. ನಾವು ಹೋದ ಉದ್ದೇಶ ಬೇರೆಯಾಗಿತ್ತು. ನನ್ನ 12 ವರ್ಷದ ಮಗಳು ಹೊಳೆಯಲ್ಲಿ ಗಾಳ ಹಾಕಿ ಮೀನು ಹಿಡಿಯಬೇಕೆಂದು ಹಟ ಹಿಡಿದಿದ್ದಳು. ಈ ಹಟದಲ್ಲಿ ವಿಶೇಷವೇನೆಂದರೆ, ಅವಳ ಕೈಗಳು ಮೀನನ್ನು ಮುಟ್ಟಲು ಹಿಂಜರಿಯಬೇಕಾದ ಕೈಗಳು.

ಹುಟ್ಟಿದ ಕೆಲವೇ ತಿಂಗಳುಗಳಿಂದ ಅವಳಿಗೆ ಇಸುಬಿನ ಉಪದ್ರವ. ವರ್ಷಗಳು ಕಳೆದಂತೆ ಕೆನ್ನೆ, ಮೊಣಕಾಲುಗಳನ್ನು ಬಿಟ್ಟು ಅದು ಅಂಗೈ ಬೆರಳುಗಳಲ್ಲಿ ನೆಲೆಸಿತು. ಚಳಿಗಾಲದ ಒಣಗಾಳಿ ಬೀಸಿತೆಂದರೆ ಬೆರಳ ಗೆಣ್ಣುಗಳು ಬಿರಿಯುತ್ತವೆ. ಸಾಬೂನು ತಾಗಿದರೆ ಉರಿ, ಟೊಮೇಟೊ ಹೆಚ್ಚಿದರೆ ತುರಿಕೆ. ಹೀಗಾಗಿ ನಮ್ಮ ಮನೆಯಲ್ಲಿ ಅವಳು ಅತಿ ಹೆಚ್ಚಾಗಿ ಕೇಳಿದ ಮಾತು 'ಮುಟ್ಟಬೇಡ' ಎಂಬುದು. ಗಣೇಶನ ಹಬ್ಬದ ಜೇಡಿಮಣ್ಣನ್ನು ಮುಟ್ಟಬೇಡ. ಹೋಳಿಯ ಬಣ್ಣವನ್ನು ಮುಟ್ಟಬೇಡ. 3 ವರ್ಷಗಳ ಹಿಂದೆ ಶೃಂಗೇರಿಗೆ ಹೋಗಿದ್ದಾಗ, ತುಂಗೆಯ ಸೋಪಾನದಲ್ಲಿ ಉಳಿದ ಮಕ್ಕಳೆಲ್ಲ ನೀರಿಗೆ ಕೈಯಿಳಿಸಿ ಮೀನುಗಳಿಗೆ ಪುರಿ ತಿನ್ನಿಸುತ್ತಿದ್ದರು. ಇವಳು ಮಾತ್ರ ಮೇಲಿನ ಮೆಟ್ಟಿಲಲ್ಲಿ ನಿಂತು, ದೂರದಿಂದ ಪುರಿಯನ್ನು ಎರಚಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಹಾಗೆ ನಿಲ್ಲೆಂದು ಆ ದಿನ ಯಾರೂ ಅವಳಿಗೆ ಹೇಳಿರಲಿಲ್ಲ. ಆ ನಿಲುವು ನನ್ನ ಮನಸ್ಸಿನಿಂದ ಮರೆಯಾಗಲೇ ಇಲ್ಲ.

ಕಾಫಿ ಬೆಳೆಗಾರರಾದ ನನ್ನ ಮಿತ್ರರೊಬ್ಬರು ವಾಲ್ನೂರಿಗೆ ಕರೆದಾಗ ಅವಳು ಹೊರಟು ನಿಂತಳು. ನನ್ನ ತಾಯಿ ಮಾತ್ರ ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಮೀನೆಂಬುದು ಪಂಚಾಂಗದ ಮೀನರಾಶಿಯಲ್ಲಲ್ಲದೆ ಬೇರೆಲ್ಲಿಯೂ ಕಾಣಿಸಿಕೊಂಡುದಿಲ್ಲ.

"ಮೊದಲೇ ಮೀನು ಅಂದರೆ ನಂಜು. ಮಗುವಿನ ಕೈ ಹೀಗಿರುವಾಗ ಅದನ್ನು ಮುಟ್ಟಿಸುತ್ತೀಯಾ? ಅಲ್ಲಾ, ತಿನ್ನದ ಮೀನನ್ನು ಹಿಡಿಯುವುದಾದರೂ ಏತಕ್ಕೆ?" ಎಂದು ಕೇಳಿದರು. ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲನೆಯದಕ್ಕಾಗಿ ಚರ್ಮವೈದ್ಯರ ಬಳಿಗೆ ಹೋದೆ.

ವೈದ್ಯರು ಮೀನಿನ ಅಲರ್ಜಿ ಅವಳಿಗಿಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡರು. ಬಿರುಕುಗಳು ಪೂರ್ಣವಾಗಿ ಮಾಯುವ ತನಕ ಹೋಗಕೂಡದೆಂದರು. ಎರಡು ವಾರ ಕ್ರಮವಾಗಿ ಲೇಪವನ್ನು ಹಚ್ಚಿದುದರಿಂದ ಅಂಗೈ ಮೆತ್ತಗಾಯಿತು. ನಾನು ನನ್ನ ಪಾಲಿನ ಜಾಗರೂಕತೆಯೆಂದು ಅಂಗಡಿಯಿಂದ ಎರಡು ಜೊತೆ ದಪ್ಪ ಹತ್ತಿಯ ಕೈಗವಸುಗಳನ್ನು ಕೊಂಡು ತಂದೆ. ಈ ಕೈಗವಸುಗಳ ಕಥೆಯನ್ನು ಮುಂದೆ ಹೇಳುವೆನು.

ಹೊಳೆಯೂ ಅದರ ಅರಸನೂ

ಮಿತ್ರರ ಮನೆ ತೋಟದ ನಡುವೆ. ಅಂಗಳದಿಂದ ಕಾಲುದಾರಿಯಲ್ಲಿ ಇಳಿದರೆ ಹೊಳೆ. ಮಳೆಗಾಲದಲ್ಲಿ ಕೆಂಪೇರಿ ಭೋರ್ಗರೆಯುವ ಕಾವೇರಿ ಜನವರಿಯಲ್ಲಿ ತಿಳಿಯಾಗಿ, ಬಂಡೆಗಳ ನಡುವೆ ಸಣ್ಣದಾಗಿ ಮಾತನಾಡುತ್ತ ಹರಿಯುತ್ತಾಳೆ. ಬಂಡೆಗಳ ಕೆಳಗೆ ಆಳವಾದ ಮಡುಗಳು. ಆ ಮಡುಗಳಲ್ಲಿ ವಾಸಿಸುವ ಮಹಶೀರ್ ಮೀನೇ ಈ ಪ್ರದೇಶಕ್ಕೆ ಗಾಳಗಾರರನ್ನು ದೂರದೂರದಿಂದ ಸೆಳೆದಿರುವುದು.

ಮಹಶೀರಿನ ಕೀರ್ತಿ ಇಂದಿನದಲ್ಲ. ಮದರಾಸ್ ಸಿವಿಲ್ ಸರ್ವಿಸಿನಲ್ಲಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಗ್ರಂಥವನ್ನು ಬರೆದು, ಈ ಮೀನಿನ ಬಲವನ್ನು ವಿಸ್ತಾರವಾಗಿ ಬಣ್ಣಿಸಿದನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರನ್ನು ಗಾಳದಿಂದ ಹಿಡಿದುದು ಇಂದಿಗೂ ಗಾಳಗಾರರ ನಾಲಗೆಯ ಮೇಲಿದೆ. ಆದರೆ ಅಂತಹ ಅರಸನಿಗೂ ದುರ್ದಿನಗಳು ಬಂದವು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಬದುಕಿರುವ, ಕಿತ್ತಳೆ ಬಣ್ಣದ ರೆಕ್ಕೆಯ ಗೂನುಬೆನ್ನಿನ ಮಹಶೀರಿಗೆ ಶಾಸ್ತ್ರೀಯ ನಾಮಧೇಯ ಯಾವುದೆಂದು ವಿಜ್ಞಾನಿಗಳು ನಿಶ್ಚಯಿಸಿದುದು 2018ರಲ್ಲಿ. ಅದನ್ನು ಅತ್ಯಂತ ಅಪಾಯದ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದುದೂ ಅದೇ ವರ್ಷ. ಅಣೆಕಟ್ಟುಗಳು, ಮರಳು ತೆಗೆಯುವಿಕೆ, ಸಿಡಿಮದ್ದು ಎಸೆದು ಮೀನು ಹಿಡಿಯುವ ದುಷ್ಟಪದ್ಧತಿ, ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮಹಶೀರುಗಳ ಪೈಪೋಟಿ – ಇವೆಲ್ಲ ಸೇರಿ ಅದನ್ನು ಈ ಸ್ಥಿತಿಗೆ ತಂದಿವೆ.

ಆದ್ದರಿಂದ ವಾಲ್ನೂರಿನ ಹೊಳೆಯಲ್ಲಿ ಪರವಾನಗಿಯಿಲ್ಲದೆ ಗಾಳ ಹಾಕುವಂತಿಲ್ಲ; ಹಿಡಿದ ಮಹಶೀರನ್ನು ಜೀವಸಹಿತ ಹೊಳೆಗೇ ಬಿಡಬೇಕು. ಕೊಡಗಿನ ವನ್ಯಜೀವಿಪ್ರೇಮಿಗಳು ಈ ಕಟ್ಟುಪಾಡನ್ನು ಬೆಳೆಸಿದವರು. ಇಲ್ಲಿ ಗಾಳಗಾರನ ಗೌರವವಿರುವುದು ಮೀನನ್ನು ಹಿಡಿದುದರಲ್ಲಲ್ಲ, ಅದು ಹಿಂದಿರುಗಿ ಬದುಕುವಂತೆ ಬಿಟ್ಟುದರಲ್ಲಿ.

ಎರಡು ಚರ್ಮಗಳು

ಮಿತ್ರರ ತಂದೆಗೆ 80 ದಾಟಿದೆ. ಊರಿನ ಮಕ್ಕಳಿಗೆಲ್ಲ ಅವರು ಅಜ್ಜ. ನನ್ನ ಮಗಳಿಗೂ ಒಂದೇ ಗಳಿಗೆಯಲ್ಲಿ ಅಜ್ಜನಾದರು. ರಾತ್ರಿ ಅಕ್ಕಿ ರೊಟ್ಟಿಯ ಊಟವಾದ ಮೇಲೆ ದೀಪದ ಬಳಿ ಅವಳನ್ನು ಕೂಡಿಸಿಕೊಂಡು, ಅವಳ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹತ್ತಿಯ ಕೈಗವಸುಗಳನ್ನು ತೆಗೆದು ಮುಂದಿಟ್ಟೆ.

"ಇದು ಯಾರಿಗೆ ತಂದದ್ದು? ಮಗುವಿಗೋ, ಮೀನಿಗೋ?" ಎಂದು ಅಜ್ಜ ಕೇಳಿದರು.

"ಮಗುವಿಗೆ. ಇವನ್ನು ತೊಟ್ಟು ಮೀನನ್ನು ಹಿಡಿದರೆ ಕೈಗೆ ಏನೂ ತಾಗುವುದಿಲ್ಲವಲ್ಲ."

"ಕೈಗೆ ತಾಗುವುದಿಲ್ಲ, ನಿಜ. ಮೀನಿಗೆ ತಾಗುತ್ತದೆ. ಮೀನಿನ ಮೈಮೇಲಿರುವ ಲೋಳೆಯನ್ನು ನೀವು ಕೊಳೆ ಎಂದುಕೊಂಡಿರಿ. ಅದು ಕೊಳೆಯಲ್ಲ, ಮೀನಿನ ಅಂಗಿ. ಒಣಬಟ್ಟೆಯಲ್ಲಿ ಹಿಡಿದಿರೋ, ಅಂಗಿ ನಿಮ್ಮ ಕೈಗೆ ಬರುತ್ತದೆ. ಮೀನು ಬೆತ್ತಲೆಯಾಗಿ ಹೊಳೆಗೆ ಹೋಗುತ್ತದೆ. ನಾವು 'ಬಿಟ್ಟೆವು' ಎಂದು ಸಂತೋಷಪಟ್ಟು ಮನೆಗೆ ಬರುತ್ತೇವೆ. ಕೆಲವು ದಿನದಲ್ಲಿ ಅದರ ಮೈಮೇಲೆ ಹತ್ತಿಯ ಹಾಗೆ ಬೂಷ್ಟು ಹಿಡಿಯುತ್ತದೆ."

ಮಗಳು ತನ್ನ ಕೈಗಳನ್ನು ನೋಡಿಕೊಂಡಳು. ಬಳಿಕ ಮೆಲ್ಲನೆ, "ಹಾಗಾದರೆ ಅದಕ್ಕೂ ನನ್ನ ಹಾಗೆಯೇ ಆಗುತ್ತದೆಯೇ, ಅಜ್ಜ?" ಎಂದಳು.

ಅಜ್ಜ ಒಂದು ನಿಮಿಷ ಮಾತನಾಡಲಿಲ್ಲ. "ಹೌದು ಮಗಳೇ, ನಿನ್ನ ಹಾಗೆಯೇ" ಎಂದರು.

ಮಗುವಿನ ಬಾಯಿಂದ ಬಂದ ಆ ಹೋಲಿಕೆಯಲ್ಲಿ ತಪ್ಪಿಲ್ಲ. ನಮ್ಮ ಚರ್ಮದ ಹೊರಪದರವನ್ನು ವೈದ್ಯರು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಸತ್ತ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವಣ ಜಿಡ್ಡೇ ಗಾರೆ. ಈ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡದು, ಹೊರಗಿನ ಕೆಡುಕನ್ನು ಒಳಗೆ ಬಿಡದು. ಇಸುಬಿನವರಲ್ಲಿ ಹಲವರಿಗೆ ಹುಟ್ಟಿನಿಂದಲೇ ಈ ಗೋಡೆ ಸಡಿಲ. ಗೋಡೆಯನ್ನು ಬಿಗಿಗೊಳಿಸುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷವೇ ಇದಕ್ಕೆ ಮುಖ್ಯ ಕಾರಣಗಳಲ್ಲೊಂದೆಂದು 2006ರಲ್ಲಿ ತಿಳಿದುಬಂದಿತು. ಇನ್ನು ಮೀನಿನ ಲೋಳೆ. ಅದರ ಚರ್ಮದಲ್ಲಿರುವ ಜೀವಕೋಶಗಳೇ ಸದಾ ಒಸರುವ ಈ ಲೋಳೆಯಲ್ಲಿ ರೋಗಾಣುಗಳನ್ನು ಕೊಲ್ಲುವ ವಸ್ತುಗಳಿವೆ. ಪರೋಪಜೀವಿಗಳನ್ನು ಅದು ತಡೆಯುತ್ತದೆ; ನೀರಿನಲ್ಲಿ ಜಾರಿ ಸಾಗಲು ನೆರವಾಗುತ್ತದೆ. ಗೋಡೆ ಕುಸಿದ ಕೈಗೂ ಲೋಳೆ ಕಳಚಿದ ಮೀನಿಗೂ ಒದಗುವ ಗತಿ ಒಂದೇ ಬಗೆಯದು: ಹೊರಗಿರಬೇಕಾದುದು ಒಳನುಗ್ಗುತ್ತದೆ.

ನನ್ನ ಕೈಗವಸುಗಳು ವ್ಯರ್ಥವಾದುವೆಂದು ಬಗೆದು ಅವನ್ನು ಚೀಲಕ್ಕೆ ಸೇರಿಸಹೊರಟೆ. ಅಜ್ಜ ತಡೆದರು. ಮಲಗುವ ಮೊದಲು ಮಗಳ ಕೈಗಳಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ದಪ್ಪನಾಗಿ ಸವರಿ, ಮೇಲೆ ಆ ಹತ್ತಿಯ ಕೈಗವಸುಗಳನ್ನು ತೊಡಿಸಿ, "ಇವು ಇರುಳಿನ ಕೆಲಸಕ್ಕೆ ಒಳ್ಳೆಯವು" ಎಂದರು. ಜಿಡ್ಡು ಹಾಸಿಗೆಗೆ ಹತ್ತದೆ ಇಡೀ ರಾತ್ರಿ ಚರ್ಮದ ಮೇಲೆಯೇ ನಿಂತಿತು. ಬೆಳಗಿನ ಚಳಿಗೂ ಬೆರಳುಗಳು ಬಿರಿಯಲಿಲ್ಲ.

ನನ್ನ ಜಾಣತನ

ಮೊದಲನೆಯ ದಿನ ಮಗಳು ನೋಡುವವಳು, ನಾನು ಹಿಡಿಯುವವನು ಎಂದು ನಿರ್ಧಾರವಾಗಿತ್ತು. ಮಹಶೀರಿಗೆ ಇಡುವ ಎರೆ ನಮ್ಮ ರಾಗಿ ಮುದ್ದೆಯೇ! ಬೇಯಿಸಿ ನಾದಿದ ರಾಗಿ ಹಿಟ್ಟನ್ನು ನಿಂಬೆಯ ಗಾತ್ರದ ಉಂಡೆಗಳಾಗಿ ಮಾಡಿ ಗಾಳಕ್ಕೆ ಮೆತ್ತುವರು. ಬೆಂಗಳೂರಿನ ಊಟದ ಮನೆಗಳಲ್ಲಿ ಕಾಸು ಕೊಟ್ಟು ತಿನ್ನುವ ಮುದ್ದೆಯನ್ನು ಇಲ್ಲಿ ಮೀನುಗಳು ಪುಕ್ಕಟೆಯಾಗಿ ತಿಂದು, ಗಾಳವನ್ನು ಮಾತ್ರ ನನಗೆ ಹಿಂದಿರುಗಿಸಿದವು. ಮಧ್ಯಾಹ್ನದ ತನಕ ಸಿಕ್ಕಿದುದು ಅಂಗೈಯಗಲದ ಮೂರು ಸಣ್ಣ ಮೀನುಗಳು. ಅವನ್ನು ಬಿಡಿಸುವ ಗಡಿಬಿಡಿಯಲ್ಲಿ ಬೆರಳಿಗೆ ಗಾಳದ ಮೊನೆ ತರಚಿತು. ಓಡುತ್ತಿದ್ದ ನೈಲಾನ್ ದಾರವನ್ನು ತಡೆಯಲು ಹೋಗಿ ಅಂಗೈಯಲ್ಲಿ ಕೆಂಪು ಗೆರೆ ಮೂಡಿತು. ಹರಿಯುವ ದಾರವನ್ನು ಬರಿಗೈಯಲ್ಲಿ ತಡೆಯುವುದಾಗಲಿ ಬೆರಳಿಗೆ ಸುತ್ತಿಕೊಳ್ಳುವುದಾಗಲಿ ಸಲ್ಲದೆಂದು ಅಜ್ಜ ಬೆಳಗ್ಗೆಯೇ ಎಚ್ಚರಿಸಿದ್ದರು.

ಅಜ್ಜ ಊಟಕ್ಕೆಂದು ಮನೆಗೆ ಹೋಗಿದ್ದಾಗ ನಾನು ನನ್ನ ಜಾಣತನವನ್ನು ತೋರಿದೆ. ಕೈಗೆ ಹತ್ತಿದ ಮೀನಿನ ವಾಸನೆ ಹೋಗಲೆಂದು ಬುತ್ತಿಯಲ್ಲಿದ್ದ ನಿಂಬೆಹಣ್ಣನ್ನು ಹೋಳುಮಾಡಿ, ಎರಡು ಕೈಗಳಿಗೂ ಚೆನ್ನಾಗಿ ಉಜ್ಜಿದೆ. ನಮ್ಮ ನಾಡಿನಲ್ಲಿ ಇದು ಸರ್ವಸಾಧಾರಣವಾದ ಉಪಾಯವಷ್ಟೆ. ಬಳಿಕ ಬಂಡೆಯ ಮೇಲೆ ಬಿಸಿಲು ಕಾಯುತ್ತ ಸುಖವಾಗಿ ಕುಳಿತೆ. ಮಗಳು ತಾನೂ ಒಂದು ಹೋಳನ್ನು ಕೇಳಿದಳು. ನಿಂಬೆಯ ಹುಳಿ ಅವಳ ಬೆರಳಿಗೆ ಉರಿಯೆಂಬ ಒಂದೇ ಕಾರಣದಿಂದ ಕೊಡಲಿಲ್ಲ. ಆ ಹೊತ್ತಿನಲ್ಲಿ ನಾನು ಆಡಿದ 'ಮುಟ್ಟಬೇಡ' ಎಂಬ ಮಾತಿಗೆ ನಾನು ಈಗಲೂ ಕೃತಜ್ಞನಾಗಿದ್ದೇನೆ.

ಮಡುವಿನ ಅತಿಥಿ

ಎರಡನೆಯ ದಿನ ಬೆಳಗ್ಗೆ ಹೊಳೆಯ ಮೇಲೆ ಮಂಜು ಹಾಸಿತ್ತು. ಅಜ್ಜ ಮೊದಲು ಇಕ್ಕಳವನ್ನು ತೆಗೆದುಕೊಂಡು ಗಾಳದ ಮೊನೆಯ ಬಳಿ ಹಿಂದಕ್ಕೆ ಚಾಚಿದ ಸಣ್ಣ ಮುಳ್ಳನ್ನು ಅದುಮಿ ಚಪ್ಪಟೆ ಮಾಡಿದರು. ಹೀಗೆ ಮಾಡಿದ ಗಾಳ ಮೀನಿನ ತುಟಿಯಿಂದ ಸುಲಭವಾಗಿ ಕಳಚುತ್ತದೆ. ತಪ್ಪಿ ಮನುಷ್ಯನ ಬೆರಳಿಗೆ ನಾಟಿದರೂ ಹಾಗೆಯೇ. ರಾಗಿಯುಂಡೆ ಕಟ್ಟುವಾಗ ಮಾತ್ರ ಮಗಳಿಗೆ ತೆಳುವಾದ ನೈಟ್ರೈಲ್ ಕೈಗವಸು ತೊಡಿಸಿದರು. ಒದ್ದೆ ಹಿಟ್ಟನ್ನು ಮೆತ್ತುವುದು, ತೊಳೆಯುವುದು, ಒಣಗುವುದು, ಮತ್ತೆ ಮೆತ್ತುವುದು – ಇಸುಬಿನ ಕೈಗೆ ಈ ಆವರ್ತನೆಯೇ ದೊಡ್ಡ ಶತ್ರು. ಮುಂಗೈಗೆ ಬಿಸಿಲಿನ ಲೇಪ ಹಚ್ಚಿದರು, ಅಂಗೈಗೆ ಹಚ್ಚಲಿಲ್ಲ. ಮೀನನ್ನು ತಾಕುವ ಕೈಯಲ್ಲಿ ಔಷಧದ ಲೇಪವಿರಬಾರದು.

ಹನ್ನೊಂದರ ಸುಮಾರಿಗೆ ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರ್ರೆಂದು ಕೂಗಿತು. ಮಗಳು ಕೋಲನ್ನು ಎದೆಗವಚಿ ಹಿಡಿದಳು. ನಾನು ಅವಳ ಹೆಗಲನ್ನು ಹಿಡಿದೆ. ಮೀನು ಮೊದಲು ಕೆಳಹೊಳೆಯತ್ತ ಓಡಿತು, ಆಮೇಲೆ ಬಂಡೆಯ ಮರೆಗೆ ಸೇರಿ ಸತ್ಯಾಗ್ರಹ ಹೂಡಿತು. "ಎಳೆಯಬೇಡ, ಸುಮ್ಮನೆ ಹಿಡಿದಿರು. ಆದರೆ ತುಂಬ ಹೊತ್ತು ದಣಿಸುವುದೂ ಬೇಡ" ಎಂದರು ಅಜ್ಜ. ಕಾಲುಗಂಟೆಯ ಬಳಿಕ ದಡದ ಸಮೀಪದ ತಿಳಿನೀರಿನಲ್ಲಿ ಅದು ಕಾಣಿಸಿಕೊಂಡಿತು: ನೀಲಿಛಾಯೆಯ ರೆಕ್ಕೆಗಳ ಮಹಶೀರ್, ಮೂರು ಕಿಲೋ ಇದ್ದೀತು. ಹಿರಿಯ ನಾಣ್ಯದಷ್ಟು ಅಗಲದ ಒಂದೊಂದು ಹುರುಪೆಯೂ ಬಿಸಿಲಿಗೆ ಕಂಚಿನಂತೆ ಮಿರುಗುತ್ತಿತ್ತು.

ಅಜ್ಜನ ಮಗ ಮೊಣಕಾಲುದ್ದ ನೀರಿಗಿಳಿದು, ಗಂಟುಗಳಿಲ್ಲದ ರಬ್ಬರಿನ ಬಲೆಯನ್ನು ಅದರ ಕೆಳಗೆ ಹಿಡಿದರು. ಬಲೆಯನ್ನು ಮೇಲೆತ್ತಲಿಲ್ಲ, ಮೀನು ನೀರಿನಲ್ಲಿಯೇ ಇತ್ತು. ಉದ್ದಮೂತಿಯ ಇಕ್ಕಳದಿಂದ ಗಾಳವನ್ನು ಒಮ್ಮೆ ಹಿಂದಕ್ಕೆ ತಿರುಚಿದರು; ಅದು ಕಳಚಿ ಬಂದಿತು. ಅಲ್ಲಿಯವರೆಗೆ ಯಾರ ಕೈಯೂ ಮೀನನ್ನು ಮುಟ್ಟಿರಲಿಲ್ಲ. ಆಗ ನನಗೆ ಹೊಳೆಯಿತು: ಕೈಯನ್ನು ಕಾಪಾಡುವ ಅತ್ಯುತ್ತಮವಾದ ಕವಚವೆಂದರೆ ಮೀನನ್ನು ಮುಟ್ಟದೆಯೇ ಬಿಡುವ ಕುಶಲತೆ, ಮೀನಿಗೂ ಅದೇ ಅತ್ಯುತ್ತಮವಾದ ಉಪಕಾರ.

ಆದರೆ ಮೀನು ದಣಿದಿತ್ತು. ಕೂಡಲೇ ಈಜದೆ ಮಗ್ಗುಲಾಗಿ ವಾಲತೊಡಗಿತು. ಅಜ್ಜ ಮಗಳತ್ತ ತಿರುಗಿದರು. "ಕೈ ತೋರಿಸು. ಬಿರುಕು ಇಲ್ಲವಲ್ಲ? ಹೊಳೆಯಲ್ಲಿ ಮುಳುಗಿಸು. ಚೆನ್ನಾಗಿ ಒದ್ದೆಯಾಗಲಿ. ಈಗ ಅದರ ಹೊಟ್ಟೆಯ ಕೆಳಗೆ ತೊಟ್ಟಿಲಿನ ಹಾಗೆ ಹಿಡಿ. ಅದುಮಬೇಡ, ಕಿವಿರಿಗೆ ಬೆರಳು ಹಾಕಬೇಡ."

ಅವಳು ನನ್ನ ಮುಖವನ್ನು ನೋಡಿದಳು. ಮುಟ್ಟಬಹುದೇ ಎಂಬ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಕೇಳಲಿಲ್ಲ. ಒಂದು ಕ್ಷಣ ನನ್ನ ನಾಲಗೆಯ ತುದಿಗೆ ಹಳೆಯ ಮಾತೇ ಬಂದಿತ್ತು. ಅದನ್ನು ನುಂಗಿಕೊಂಡು ತಲೆಯಾಡಿಸಿದೆ.

ಅವಳ ಎರಡು ಕೈಗಳೂ ನೀರಿನೊಳಗೆ ಇಳಿದವು. ಮೀನು ಅವುಗಳ ಮೇಲೆ ಒರಗಿ, ಹರಿವಿಗೆ ಮುಖ ಮಾಡಿ, ಕಿವಿರುಗಳನ್ನು ತೆರೆದು ಮುಚ್ಚುತ್ತ ಉಸಿರಾಡಿತು. ಎಷ್ಟು ಹೊತ್ತು ಹಾಗಿತ್ತೋ ನಾನು ಎಣಿಸಲಿಲ್ಲ. ಬಾಲ ಒಮ್ಮೆ ಮಿಸುಕಿತು. ಇನ್ನೊಮ್ಮೆ ಬಲವಾಗಿ ಬೀಸಿತು. ನೀರು ನಮ್ಮ ಮುಖಕ್ಕೆಲ್ಲ ಎರಚಿತು. ಕಣ್ಣೊರಸಿಕೊಂಡು ನೋಡುವಾಗ ಮಗಳ ಕೈಗಳು ಬರಿದಾಗಿದ್ದವು. ಅವಳು ಅವನ್ನು ಇನ್ನೂ ಹಾಗೆಯೇ ನೀರಿನಲ್ಲಿ ಹಿಡಿದುಕೊಂಡು ನಿಂತಿದ್ದಳು.

ಅನಂತರದ ಉಪಚಾರವೂ ತಡವಾಗಲಿಲ್ಲ. ಬಾಟಲಿಯಲ್ಲಿ ತಂದಿದ್ದ ಶುದ್ಧ ನೀರು, ಪರಿಮಳವಿಲ್ಲದ ಸೌಮ್ಯ ಸಾಬೂನು, ಉಜ್ಜದೆ ಒತ್ತಿ ಒರೆಸುವ ಮೆತ್ತನೆಯ ಬಟ್ಟೆ, ತೇವವಿರುವಾಗಲೇ ಜೆಲ್ಲಿಯ ಲೇಪ. ಸಂಜೆಯವರೆಗೂ ನಾನು ಅವಳ ಬೆರಳುಗಳನ್ನು ಮತ್ತೆ ಮತ್ತೆ ನೋಡಿದೆ. ತುರಿಕೆಯಿಲ್ಲ, ಕೆಂಪಿಲ್ಲ.

ತಿಳಿದಿರಬೇಕಾದ ಸಂಗತಿಗಳು

ಈ ಒಂದು ಅನುಭವವನ್ನೇ ಎಲ್ಲರಿಗೂ ಅನ್ವಯಿಸುವ ನಿಯಮವೆಂದು ವಾಚಕರು ಭಾವಿಸಬಾರದು. 1976ರಲ್ಲಿ ಡೆನ್ಮಾರ್ಕಿನ ಇಬ್ಬರು ಚರ್ಮವೈದ್ಯರು ಅಡುಗೆಯ ಕೆಲಸದವರ ಕೈಗಳನ್ನು ಪರೀಕ್ಷಿಸಿ, ಮೀನು ಮೊದಲಾದ ಆಹಾರಗಳ ಪ್ರೋಟೀನು ಹಾಳಾದ ಚರ್ಮದ ಮೂಲಕ ಒಳನುಸುಳಿ, ಮುಟ್ಟಿದ ಸ್ವಲ್ಪ ಹೊತ್ತಿನಲ್ಲಿಯೇ ತುರಿಕೆ ಗುಳ್ಳೆಗಳನ್ನು ಎಬ್ಬಿಸುವುದನ್ನು ವಿವರಿಸಿದರು. ಆದ್ದರಿಂದ ಬಿರಿದ ಕೈಯಿಂದ ಮೀನನ್ನು ಮುಟ್ಟುವುದು ಸರ್ವಥಾ ಸಲ್ಲದು. ಮೀನು ತಿಂದರೆ ಅಥವಾ ತಾಗಿದರೆ ತುಟಿ ಊದುವವರೂ ಉಬ್ಬಸ ಬರುವವರೂ ಗಾಳದ ಹವ್ಯಾಸದಲ್ಲಿ ಕೋಲಿಗಷ್ಟೇ ಕೈಹಾಕಿ, ಮೀನನ್ನು ಬಿಡಿಸುವ ಕೆಲಸವನ್ನು ಇತರರಿಗೆ ಒಪ್ಪಿಸುವುದು ಲೇಸು.

ಮನೆಯಲ್ಲಿ ಅಡುಗೆಗೆ ಮೀನು ಹಸನುಮಾಡುವವರ ಮಾತು ಬೇರೆ. ಅಲ್ಲಿ ಮೀನಿನ ಲೋಳೆಯ ಚಿಂತೆಯಿಲ್ಲ. ಕೈಯ ಚಿಂತೆ ಮಾತ್ರ. ನೈಟ್ರೈಲ್ ಕೈಗವಸು ತೊಟ್ಟು ಕೆಲಸ ಮಾಡಬಹುದು. ಸಾಧಾರಣ ರಬ್ಬರಿನ ಲೇಟೆಕ್ಸ್ ಕೆಲವರಿಗೆ ಒಗ್ಗದು. ಹೆಚ್ಚು ಹೊತ್ತು ತೊಟ್ಟರೆ ಒಳಗೆ ಬೆವರು ನಿಂತು ಅದೇ ಇಸುಬನ್ನು ಕೆರಳಿಸುತ್ತದೆ. ಆದುದರಿಂದ ಒಳಗೆ ತೆಳುವಾದ ಹತ್ತಿಯ ಕೈಗವಸಿರಲಿ, ಅದು ಒದ್ದೆಯಾದೊಡನೆ ಬದಲಾಯಿಸುವುದಿರಲಿ. ಹೊಳೆಯ ದಡದಲ್ಲಿ, ಬಿಡಬೇಕಾದ ಮೀನನ್ನು ಅನಿವಾರ್ಯವಾಗಿ ಕೈಗವಸಿನಿಂದಲೇ ಮುಟ್ಟಬೇಕಾದರೆ, ಅದು ನಯವಾದುದಾಗಿರಬೇಕು ಮತ್ತು ಪೂರ್ತಿ ಒದ್ದೆಯಾಗಿರಬೇಕು.

ಮೀನಿನ ಮುಳ್ಳು ಚುಚ್ಚಿದರೆ ಗಾಯವನ್ನು ತೊಳೆದು ಸುಮ್ಮನಾಗುವುದು ಸಾಲದು. ಮೈಕೋಬ್ಯಾಕ್ಟೀರಿಯಂ ಮರೈನಂ ಎಂಬ, ಕ್ಷಯರೋಗಾಣುವಿನ ದಾಯಾದಿಯೊಂದು ಮೀನುಗಳಲ್ಲಿರುವುದನ್ನು 1926ರಲ್ಲಿಯೇ ಕಂಡುಹಿಡಿಯಲಾಗಿತ್ತು. ಗಾಯದ ಮೂಲಕ ಹೊಕ್ಕರೆ ಕೆಲವು ವಾರಗಳ ಬಳಿಕ, ಗಾಯದ ನೆನಪೇ ಅಳಿದಿರುವಾಗ, ಬೆರಳಿನ ಮೇಲೆ ಮಾಯದ ಗಂಟಾಗಿ ಅದು ಮೇಲೇಳುತ್ತದೆ. ಸೂಕ್ತವಾದ ಔಷಧದಿಂದ ಗುಣವಾಗುವುದು; ಆದರೆ 'ನಾನು ಮೀನನ್ನು ಮುಟ್ಟಿದ್ದೆ' ಎಂದು ರೋಗಿ ಹೇಳದಿದ್ದರೆ ವೈದ್ಯರಿಗೆ ಹೊಳೆಯುವುದು ಕಷ್ಟ. ಕೆಸರಿನಲ್ಲಿ ವಾಸಿಸುವ ಚೇಳು ಮೀನು ತನ್ನ ಹೆಸರಿಗೆ ತಕ್ಕಂತೆ ಪಕ್ಕದ ರೆಕ್ಕೆಯ ಮುಳ್ಳಿನಿಂದ ವಿಷ ಚುಚ್ಚುತ್ತದೆ. ಆ ವಿಷ ಶಾಖಕ್ಕೆ ಅಳಿಯುವುದರಿಂದ, ತಾಳುವಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಕೈಯನ್ನಿಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ನೋವಿಲ್ಲದ ಕೈಯಿಂದ ಮೊದಲು ಪರೀಕ್ಷಿಸಬೇಕು. ಬಳಿಕ ವೈದ್ಯರನ್ನು ಕಂಡು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವಿಚಾರಿಸಬೇಕು.

ನಿಂಬೆಹಣ್ಣಿನ ವಿಷಯ ಉಳಿಯಿತು. ಮೂರನೆಯ ದಿನ ಬೆಳಗ್ಗೆ ನಾನು ಏಳುವಾಗ ನನ್ನ ಎರಡು ಕೈಗಳ ಹಿಂಬದಿಯೂ ಕೆಂಡ ತಾಗಿದಂತೆ ಉರಿಯುತ್ತಿತ್ತು. ಹೆಬ್ಬೆರಳ ಬುಡದಲ್ಲಿ ನೀರುಗುಳ್ಳೆಗಳೆದ್ದಿದ್ದವು. ಮೀನಿನ ನಂಜೇ ತಗುಲಿತೆಂದು ಬೆದರಿದೆ. ಹಿಂದಿರುಗಿದೊಡನೆ ಕಂಡ ಚರ್ಮವೈದ್ಯರು ಎಲ್ಲವನ್ನೂ ಕೇಳಿ ನಕ್ಕರು. ನಿಂಬೆಯ ರಸದಲ್ಲಿ, ಅದಕ್ಕಿಂತಲೂ ಹೆಚ್ಚಾಗಿ ಸಿಪ್ಪೆಯಲ್ಲಿ, ಫ್ಯುರೊಕೌಮರಿನ್ ಎಂಬ ದ್ರವ್ಯಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲಿನ ನೇರಳಾತೀತ ಕಿರಣ ತಗುಲಿದರೆ ಒಂದೆರಡು ದಿನಗಳಲ್ಲಿ ಸುಟ್ಟಗಾಯವೇ ಆಗುತ್ತದೆ. ಗುಳ್ಳೆ ಆರಿದರೂ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಮೀನು ನಿರಪರಾಧಿ! ವಾಸನೆ ಕಳೆಯಲು ನಿಂಬೆ ಉಜ್ಜುವವರು ಬಿಸಿಲಿಗೆ ಹೋಗುವ ಮೊದಲು ಸಾಬೂನಿನಿಂದ ಕೈ ತೊಳೆಯುವುದನ್ನು ಮರೆಯದಿರಲಿ. ಇಸುಬಿನವರು ಅದರ ಗೊಡವೆಗೇ ಹೋಗದಿರಲಿ.

ಮನುವಿನ ಬೊಗಸೆ

ಬೆಂಗಳೂರಿನ ಮನೆಯ ಬಾಗಿಲಲ್ಲಿ ನನ್ನ ತಾಯಿ ಮೊದಲು ನೋಡಿದುದು ಮೊಮ್ಮಗಳ ಕೈಗಳನ್ನು. ಅವು ಹೋದಂತೆಯೇ ಹಿಂದಿರುಗಿದ್ದವು. ಬಳಿಕ ನನ್ನ ಕೈಗಳ ಮೇಲೆ ಕಣ್ಣುಬಿದ್ದು, "ನಾನು ಹೇಳಲಿಲ್ಲವೇ, ನಂಜೆಂದು?" ಎಂದರು. ನಾನು ನಿಂಬೆಯ ಪುರಾಣವನ್ನು ನಿವೇದಿಸಿಕೊಂಡೆ. ಮಗಳು ಮಾತ್ರ ಒಂದೇ ಉಸಿರಿಗೆ ಹೊಳೆ, ಮಂಜು, ರಾಗಿಯುಂಡೆ, ಲೋಳೆಯ ಅಂಗಿ, ತನ್ನ ಒದ್ದೆ ಕೈಗಳ ಮೇಲೆ ಒರಗಿ ಉಸಿರಾಡಿದ ಮೀನು – ಎಲ್ಲವನ್ನೂ ಹೇಳಿದಳು.

ನನ್ನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಬಾಲ್ಯದಲ್ಲಿ ಕೇಳಿದ ಕಥೆಯನ್ನು ತೆಗೆದರು. ಒಂದು ಬೆಳಗ್ಗೆ ಮನುವು ಕೈ ತೊಳೆಯಲೆಂದು ನೀರು ತೆಗೆದುಕೊಂಡಾಗ ಅವನ ಬೊಗಸೆಗೆ ಸಣ್ಣ ಮೀನೊಂದು ಬಂದಿತಂತೆ. ನನ್ನನ್ನು ಕಾಪಾಡು, ಮುಂದೆ ನಾನು ನಿನ್ನನ್ನು ಕಾಪಾಡುವೆನು ಎಂದಿತಂತೆ. ಅವನು ಕಾಪಾಡಿದ, ಪ್ರಳಯ ಬಂದಾಗ ಅದು ಅವನ ಹಡಗನ್ನು ಎಳೆದು ದಡ ಸೇರಿಸಿತು.

"ಅವನ ಕೈಯೂ ಒದ್ದೆಯಾಗಿತ್ತಲ್ಲವೇ, ಅಜ್ಜಿ?" ಎಂದಳು ಮಗಳು.

ಅದನ್ನು ಅವರು ಎಂದೂ ಯೋಚಿಸಿರಲಿಲ್ಲ. "ಹೌದು, ಒದ್ದೆಯಾಗಿತ್ತು" ಎಂದು ನಕ್ಕರು.

ತಿನ್ನದ ಮೀನನ್ನು ಏಕೆ ಹಿಡಿಯಬೇಕೆಂಬ ಅವರ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಪೂರ್ಣವಾದ ಉತ್ತರವಿಲ್ಲ. ಗಾಳದ ಮೊನೆ ಮೀನಿಗೆ ನೋವುಂಟುಮಾಡುವುದು ಸುಳ್ಳಲ್ಲ. ಹೊಳೆಗೆ ಸಿಡಿಮದ್ದು ಎಸೆಯುವವರನ್ನು ಮೊದಲು ಕಂಡು ತಡೆಯುವವರು ದಿನವೂ ಹೊಳೆಯ ಬಳಿಯಿರುವ ಈ ಗಾಳಗಾರರೇ ಎಂದು ಅಜ್ಜ ಹೇಳಿದುದೂ ಸುಳ್ಳಲ್ಲ. ನನಗೆ ಗೊತ್ತಿರುವುದಿಷ್ಟೆ: ಈ ವರ್ಷದ ಗಣೇಶನ ಹಬ್ಬಕ್ಕೆ ಮಗಳು ಜೇಡಿಮಣ್ಣು ಬೇಕೆಂದು ಕೇಳಿದಳು. ಕೈಯಲ್ಲಿ ಬಿರುಕಿಲ್ಲವೆಂದು ತಾನೇ ನೋಡಿಕೊಂಡು, ಕೈಗವಸಿನ ಪೆಟ್ಟಿಗೆಯನ್ನೂ ಜೆಲ್ಲಿಯ ಡಬ್ಬಿಯನ್ನೂ ಪಕ್ಕದಲ್ಲಿಟ್ಟುಕೊಂಡು ಕುಳಿತಳು. ನಾನು ಬಾಯಿ ತೆರೆಯುವಷ್ಟರಲ್ಲಿ ಗಣೇಶನ ಸೊಂಡಿಲು ಸಿದ್ಧವಾಗಿತ್ತು.